ರಾಮಾಚಾರಿ ಯಾರ ಹುಡುಗ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಪ್ರಶ್ನೆ ಎಸೆದಿದ್ದೆವು. ಕಥೆಯೊಂದರ ಬಗ್ಗೆ ಅಭಿಮಾನಿಗಳ ನಡುವೆ ಜಗಳ ಬಂದರೆ ಕೊನೆಯ ಮಾತು ಯಾರದ್ದು, ಬರೆದವರದ್ದೋ ಓದಿದವರದ್ದೋ? ಸುಮ್ನೆ ನಾಲ್ಕು ಪತ್ರ ಬರಬಹುದು ಅಂದುಕೊಂಡಿದ್ದೆವು. ದುರ್ಗ, ದಾವಣಗೆರೆ, ಹರಿಹರ, ಜಗಳೂರಿನವರು ಸೇರಿ ಮೇಜು ತುಂಬಿಸಿದ್ದಾರೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬೈಗುಳಗಳನ್ನು ತೆಗೆದಿದ್ದೇನೆ. ಬೈಗುಳ ತೆಗೆದ ಮೇಲೆ ಒಂದು ಪತ್ರದಲ್ಲಿ ವಿಳಾಸ ಮಾತ್ರ ಉಳಿಯಿತು, ಅದನ್ನು ಹಾಕಿಲ್ಲ.

ಸರ್, ನಮ್ಮ ಮನೆಯಲ್ಲಿ ಇದು ಮುಗಿಯದ ಜಗಳ. ಅಪ್ಪ ತರಾಸು ಅವರನ್ನು ಓದಿ ಬೆಳೆದವರು. ಟಿವಿಯಲ್ಲಿ 'ನಾಗರಹಾವು' ಬಂದಾಗಲೆಲ್ಲ "ಇದು ರಾಮಾಚಾರಿಯೇ ಅಲ್ಲ, ಬರೆದವರೇ ಒಪ್ಪಲಿಲ್ಲ" ಅಂತ ಎದ್ದು ಹೋಗುತ್ತಾರೆ. ನನಗೆ ವಿಷ್ಣುವರ್ಧನ್ ಬಿಟ್ಟರೆ ಬೇರೆ ರಾಮಾಚಾರಿ ಇಲ್ಲ. ಬರೆದವರೇ ಬೇಡ ಅಂದ ಮೇಲೆ ನಾನು ಸೋತ ಹಾಗೇನಾ?
ಸಂತೇಪೇಟೆ, ಚಿತ್ರದುರ್ಗ

ಸೋತಿಲ್ಲ. ಆದರೆ ಅಪ್ಪನೂ ಸೋತಿಲ್ಲ, ಅದೇ ತೊಂದರೆ.

ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಆ ಸಿನಿಮಾ ಒಂದೇ ಕಾದಂಬರಿಯದ್ದಲ್ಲ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರನ್ನೂ ಸೇರಿಸಿ ಹೆಣೆದದ್ದು. ಮೂರು ಪುಸ್ತಕಗಳ ಉದ್ದಕ್ಕೂ ತರಾಸು ಬೆಳೆಸಿದ ಹುಡುಗ ಇಲ್ಲಿ ಒಂದೇ ಸಿನಿಮಾದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳಬೇಕು, ಪ್ರಿನ್ಸಿಪಾಲರ ಮೇಲೆ ಸೇಡು ತೀರಿಸಿಕೊಳ್ಳಬೇಕು, ಅಲಮೇಲುವನ್ನು ಪ್ರೀತಿಸಿ ಕಳೆದುಕೊಳ್ಳಬೇಕು, ಆಮೇಲೆ ಮಾರ್ಗರೆಟ್, ಆಮೇಲೆ ಬೆಟ್ಟದ ತುದಿ. ಏನನ್ನಾದರೂ ಬಿಡಲೇಬೇಕು. ಬಿಟ್ಟದ್ದರಲ್ಲಿ ಬರೆದವರಿಗೆ ಪ್ರಾಣವಾಗಿದ್ದದ್ದು ಇದ್ದರೆ ಸಿಟ್ಟು ಬಾರದೆ ಇರುತ್ತದಾ? ಪುಟ್ಟಣ್ಣ ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ಅಂದರು ಅನ್ನುವ ಮಾತು ದುರ್ಗದಲ್ಲಿ ಈಗಲೂ ಓಡಾಡುತ್ತದೆ. ನಿಮ್ಮ ಅಪ್ಪ ಹಿಡಿದಿರುವುದು ಅದನ್ನೇ.

ಆ ಮಾತನ್ನು ವಿಮರ್ಶೆ ಅಂತ ತೆಗೆದುಕೊಂಡರೆ ಅದರಲ್ಲಿ ತೂಕ ಇದೆ. ಸಿನಿಮಾದ ರಾಮಾಚಾರಿ ಎಷ್ಟೇ ಬುಸುಗುಟ್ಟಿದರೂ ಚಾಮಯ್ಯ ಮೇಷ್ಟ್ರು ಒಂದು ಮಾತು ಹೇಳಿದರೆ ತಲೆ ತಗ್ಗಿಸುತ್ತಾನೆ. ಅವನ ಎರಡು ಪ್ರೀತಿಗಳ ಹಣೆಬರಹವೂ ಮೇಷ್ಟ್ರ ಮಾತಿಗೇ ಸಿಕ್ಕಿಹಾಕಿಕೊಂಡಿದೆ. ಪುಟ್ಟಣ್ಣನಿಗೆ ಬೇಕಾಗಿದ್ದದ್ದು ಗುರು ಶಿಷ್ಯರ ಕಥೆ, ಅದಕ್ಕೇ ಕೆ.ಎಸ್. ಅಶ್ವಥ್ ಮುಖ ನಮ್ಮ ಕಣ್ಣಲ್ಲಿ ಹಾಗೆ ಉಳಿದಿರುವುದು. ವಿಷ ಕಮ್ಮಿಯಾಯಿತು ಅಂತ ಒಬ್ಬ ಲೇಖಕ ಗೊಣಗಿದರೆ ಅದು ಅವರ ಹಕ್ಕು, ಕಣ್ಣು ಸರಿಯಾಗಿಯೇ ಇದೆ.

ತೀರ್ಪು ಅಂತ ತೆಗೆದುಕೊಂಡಾಗ ಮಾತ್ರ ಅದು ನಿಲ್ಲುವುದಿಲ್ಲ. ಸಿನಿಮಾ ಬಂದದ್ದರಿಂದ ಕಾದಂಬರಿಯ ಒಂದು ಅಕ್ಷರವೂ ಅಳಿಸಿಹೋಗಲಿಲ್ಲ. ತರಾಸು ಅವರ ರಾಮಾಚಾರಿ ಪುಸ್ತಕದಲ್ಲಿ ಹಾಗೇ ಇದ್ದಾನೆ, ಯಾರು ಬೇಕಾದರೂ ಓದಬಹುದು. ಅವನ ವಿಷಯದಲ್ಲಿ ಅವರ ಮಾತೇ ಕೊನೆ. ಸಿನಿಮಾದ ರಾಮಾಚಾರಿಯನ್ನು ಮಾಡಿದ್ದು ಅವರೊಬ್ಬರೇ ಅಲ್ಲ, ಹಾಗಾಗಿ ಅವನನ್ನು ಇಲ್ಲ ಅನ್ನಿಸುವ ಅಧಿಕಾರವೂ ಅವರೊಬ್ಬರದ್ದಲ್ಲ. ಪುಟ್ಟಣ್ಣ ಇದೇ ಕಥೆಯನ್ನು 1974ರಲ್ಲಿ ರಿಷಿ ಕಪೂರ್ ಇಟ್ಟುಕೊಂಡು ಹಿಂದಿಯಲ್ಲಿ ಮಾಡಿದರು, 'ಜಹರೀಲಾ ಇನ್ಸಾನ್' ಅಂತ. ಅದೇ ನಿರ್ದೇಶಕ, ಅದೇ ಕಥೆ. ಆದರೂ ಅಲ್ಲಿರುವವನು ನಮ್ಮ ರಾಮಾಚಾರಿ ಅಂತ ದುರ್ಗದಲ್ಲಿ ಯಾರಾದರೂ ಹೇಳುತ್ತಾರಾ? ನಿರ್ದೇಶಕನ ಮಾತೇ ಅಂತಿಮವಾಗಿದ್ದರೆ ಅವನನ್ನೂ ಒಪ್ಪಬೇಕಿತ್ತಲ್ಲ.

ಇನ್ನು ಓಬವ್ವ. ಕೋಟೆಯಲ್ಲಿ ಆ ಕಿಂಡಿಯ ಹತ್ತಿರ ಹೋದವರ ಕಣ್ಣಿಗೆ ಬರುವುದು ಒನಕೆ ಹಿಡಿದ ಜಯಂತಿ. ಅದು ಪುಟ್ಟಣ್ಣ ಒಂದು ಹಾಡಿನಲ್ಲಿ ಕೊಟ್ಟ ಮುಖ. ಓಬವ್ವ ಪುಟ್ಟಣ್ಣನ ಸ್ವತ್ತೂ ಅಲ್ಲ, ತರಾಸು ಸ್ವತ್ತೂ ಅಲ್ಲ, ಹಾಗಂತ ಆ ಮುಖವನ್ನು ಈಗ ಕಿತ್ತುಹಾಕಲು ಆಗುತ್ತದಾ?

ನಿಮ್ಮ ಮನೆಯ ಜಗಳ ಬಗೆಹರಿಯಬೇಕಾದರೆ ಮೊದಲು ಏನು ಕೇಳುತ್ತಿದ್ದೀರಿ ಅಂತ ನೋಡಿಕೊಳ್ಳಿ. ತರಾಸು ಏನು ಅಂದುಕೊಂಡಿದ್ದರು ಅನ್ನುವುದು ಒಂದು ಪ್ರಶ್ನೆ, ಅದರಲ್ಲಿ ಅಪ್ಪ ಗೆದ್ದರು. ಸಿನಿಮಾದಲ್ಲಿ ಏನಿದೆ ಅನ್ನುವುದು ಇನ್ನೊಂದು, ಅದಕ್ಕೆ ಅಪ್ಪ ಎದ್ದು ಹೋಗದೆ ಪೂರ್ತಿ ನೋಡಬೇಕು. ನೀವು ಕಾದಂಬರಿ ಓದಿದ್ದೀರಾ ಅಂತ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ನನಗೆ ಅನುಮಾನ ಇದೆ.

ಅಂದ ಹಾಗೆ ತರಾಸು ದುರ್ಗದವರು ಅಂತ ಎದೆ ತಟ್ಟಿಕೊಳ್ಳುವವರಿಗೆ ಒಂದು ಮಾತು. ಅವರ ಮನೆತನ ತಳುಕಿನದು ನಿಜ, ಹುಟ್ಟಿದ್ದು ಮಾತ್ರ ಮಲೇಬೆನ್ನೂರಿನಲ್ಲಿ. ಅದು ಈಗ ದಾವಣಗೆರೆ ಜಿಲ್ಲೆ. 1997ರ ತನಕ ಎರಡೂ ಒಂದೇ ಜಿಲ್ಲೆಯಾಗಿತ್ತು ಅನ್ನುವುದನ್ನು ಎರಡೂ ಕಡೆಯವರು ಮರೆತಿದ್ದಾರೆ.

ಅಣ್ಣಾ, ನಮ್ಮ ಹಾಸ್ಟೆಲ್‌ನಲ್ಲಿ ಕೆಜಿಎಫ್ ಜಗಳ ನಿಂತಿಲ್ಲ. ರಾಕಿ ಸತ್ತನಾ, ಬದುಕಿದ್ದಾನಾ? ನನ್ನ ರೂಮ್‌ಮೇಟ್ "ಪ್ರಶಾಂತ್ ನೀಲ್ ಹೇಳುವ ತನಕ ಯಾರೂ ಮಾತಾಡಬೇಡಿ" ಅನ್ನುತ್ತಾನೆ.
ವಿದ್ಯಾನಗರ, ದಾವಣಗೆರೆ

ತಮ್ಮಾ, ಮಾತಾಡಬೇಡಿ ಅಂದರೆ ಮತ್ತೆ ಸಿನಿಮಾ ನೋಡುವುದು ಯಾಕೆ?

ನೀವೆಲ್ಲ ಒಂದು ವಿಷಯ ಬಿಟ್ಟಿದ್ದೀರಿ. ಆ ಎರಡೂ ಸಿನಿಮಾಗಳಲ್ಲಿ ರಾಕಿಯ ಕಥೆಯನ್ನು ನಾವು ನೇರವಾಗಿ ನೋಡುತ್ತಿಲ್ಲ. ಒಂದನೆಯದರಲ್ಲಿ ಅನಂತ್ ನಾಗ್ ಮಾಡಿದ ಆನಂದ್ ಇಂಗಳಗಿ ಹೇಳುತ್ತಾನೆ, ಅವನ ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ. 2022ರ ಎರಡನೆಯದರಲ್ಲಿ ಅವನ ಮಗ ಹೇಳುತ್ತಾನೆ, ಅದು ಪ್ರಕಾಶ್ ರಾಜ್. ಅಂದರೆ ನಾವು ನೋಡಿದ್ದು ಒಬ್ಬ ಅಭಿಮಾನಿ ಪತ್ರಕರ್ತನ ಪುಸ್ತಕ. ಒಬ್ಬನೇ ನಿಂತು ಅಷ್ಟು ಜನರನ್ನು ಹೊಡೆಯುತ್ತಾನಲ್ಲ, ಅದು ನಡೆದದ್ದಾ, ಇಂಗಳಗಿ ಉಬ್ಬಿಸಿದ್ದಾ? ಹೇಳುವವನು ಸಮುದ್ರದಲ್ಲಿ ಮುಳುಗಿದ ಅಂದರೆ ಅದು ಹೇಳುವವನಿಗೆ ಗೊತ್ತಿರುವಷ್ಟು. ಹಾಸ್ಟೆಲ್‌ನಲ್ಲಿ ಜಗಳ ಆಡಬೇಕಾದದ್ದು ಇದರ ಬಗ್ಗೆ, ಇದರಲ್ಲಿ ಮಜಾ ಜಾಸ್ತಿ.

ಮೂರನೆಯ ಭಾಗದ ಕಡತ ಕೊನೆಯಲ್ಲಿ ತೋರಿಸಿದ್ದಾರೆ, ಅದನ್ನು ನಾನೂ ನೋಡಿದ್ದೇನೆ. ಅದು ಬಂದು ರಾಕಿ ಎದ್ದು ಬಂದರೆ ಎದ್ದು ಬರಲಿ. ಷರ್ಲಾಕ್ ಹೋಮ್ಸ್‌ನನ್ನು ಕಾನನ್ ಡಾಯ್ಲ್ 1893ರ ಡಿಸೆಂಬರ್‌ನಲ್ಲಿ ಜಲಪಾತಕ್ಕೆ ತಳ್ಳಿ ಕೈ ತೊಳೆದುಕೊಂಡಿದ್ದರು. ಅಭಿಮಾನಿಗಳು ಬಿಡಲಿಲ್ಲ, 1903ರಲ್ಲಿ ಬದುಕಿಸಿದರು. ಕೊಂದದ್ದೂ ಬರೆದವರೇ, ಬದುಕಿಸಿದ್ದೂ ಬರೆದವರೇ. ನಡುವಿನ ಹತ್ತು ವರ್ಷ ಅವನು ಸತ್ತ ಅಂತ ಅತ್ತವರು ತಪ್ಪು ಓದಿದರು ಅನ್ನಲು ಆಗುತ್ತದಾ? ಅವರ ಕೈಯಲ್ಲಿದ್ದ ಕಥೆ ಹಾಗೇ ಇತ್ತು.

ನಮ್ಮ ಶಾಲೆಯ ಮಕ್ಕಳು ಹ್ಯಾರಿ ಪಾಟರ್ ಓದುತ್ತಾರೆ. ಡಂಬಲ್‌ಡೋರ್ ಬಗ್ಗೆ ಲೇಖಕಿ ಆಮೇಲೆ ಹೇಳಿದ್ದನ್ನು ಪುಸ್ತಕದಲ್ಲಿ ಇರುವುದು ಅಂತಲೇ ಲೆಕ್ಕ ಹಾಕಬೇಕಾ ಅಂತ ಏಳನೇ ಕ್ಲಾಸಿನ ಹುಡುಗಿ ಕೇಳಿದಳು. ಏನು ಹೇಳಲಿ?
ಶಿಕ್ಷಕಿ, ಹರಿಹರ

ಮೇಡಂ, ಆ ಹುಡುಗಿಗೆ ಮೊದಲು ನನ್ನ ಶಾಬಾಸ್ ಹೇಳಿ.

ಗೊತ್ತಿಲ್ಲದವರಿಗಾಗಿ: ಏಳನೆಯ ಮತ್ತು ಕೊನೆಯ ಪುಸ್ತಕ ಬಂದದ್ದು 2007ರ ಜುಲೈನಲ್ಲಿ. ಅದೇ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಓದುಗರ ಎದುರು ಜೆ.ಕೆ. ರೌಲಿಂಗ್, ಹ್ಯಾರಿಯ ಶಾಲೆಯ ಹೆಡ್ ಮೇಷ್ಟ್ರು ಡಂಬಲ್‌ಡೋರ್ ಸಲಿಂಗಿ, ಗ್ರಿಂಡೆಲ್‌ವಾಲ್ಡ್‌ನನ್ನು ಪ್ರೀತಿಸಿದ್ದ ಅಂತ ಹೇಳಿದರು. ಪುಸ್ತಕದಲ್ಲಿ ಆ ಮಾತು ಬಿಡಿಸಿ ಹೇಳಿಲ್ಲ. ಆದರೆ ಏಳನೆಯ ಪುಸ್ತಕದಲ್ಲಿ ಆ ಇಬ್ಬರ ಹುಡುಗತನದ ಸ್ನೇಹ ಇದೆ, ಡಂಬಲ್‌ಡೋರ್ ಬರೆದ ಕಾಗದ ಇದೆ, ಅಷ್ಟು ಬುದ್ಧಿವಂತ ಮನುಷ್ಯ ಅವನ ವಿಷಯದಲ್ಲಿ ಕುರುಡಾಗಿದ್ದ ಅನ್ನುವುದೂ ಇದೆ. ಲೇಖಕಿ ಹೇಳಿದ ಮೇಲೆ ಆ ಪುಟಗಳನ್ನು ಮತ್ತೆ ಓದಿದರೆ ಹೊಂದಿಕೊಳ್ಳುತ್ತದೆ. ಹಾಗಾಗಿ ಆ ಮಾತನ್ನು ಒಪ್ಪಲು ನನಗೆ ಕಷ್ಟವಿಲ್ಲ. ಒಪ್ಪುವುದು ಅವರು ಹೇಳಿದರು ಅಂತಲ್ಲ, ಪುಟದಲ್ಲಿ ಅದಕ್ಕೆ ಜಾಗ ಇದೆ ಅಂತ.

ಈಗ ಇನ್ನೊಂದು ನೋಡಿ. 2014ರಲ್ಲಿ ಅದೇ ರೌಲಿಂಗ್ ಒಂದು ಸಂದರ್ಶನದಲ್ಲಿ, ಹ್ಯಾರಿಯ ಗೆಳೆಯರಾದ ರಾನ್ ಮತ್ತು ಹರ್ಮಾಯ್ನಿಯನ್ನು ಜೋಡಿ ಮಾಡಿದ್ದು ಕಥೆಗೆ ಬೇಕಿತ್ತು ಅಂತಲ್ಲ, ನನ್ನ ಸ್ವಂತ ಆಸೆಗೆ ಮಾಡಿದ್ದು ಅನ್ನುವ ಅರ್ಥದ ಮಾತಾಡಿದರು. ಆದರೆ ಪುಸ್ತಕದ ಕೊನೆಯಲ್ಲಿ ಅವರಿಬ್ಬರಿಗೂ ಮದುವೆಯಾಗಿದೆ, ಮಕ್ಕಳೂ ಇದ್ದಾರೆ. ಲೇಖಕಿ ಆಮೇಲೆ ಹೇಳಿದ್ದೆಲ್ಲ ಪುಸ್ತಕದ ಮಾತೇ ಅನ್ನುವುದಾದರೆ ಆ ಮದುವೆಯನ್ನು ಏನು ಮಾಡೋಣ? ಒಂದು ಸಲ ಲೇಖಕಿಯ ಮಾತು ಹಿಡಿದು, ಇನ್ನೊಂದು ಸಲ ಬಿಡುವುದು, ಅದೂ ನಮಗೆ ಇಷ್ಟವಾದ ಕಡೆ ಮಾತ್ರ ಹಿಡಿಯುವುದು, ಅಭಿಮಾನಿಗಳು ಮಾಡುತ್ತಿರುವುದು ಇದನ್ನೇ. ಆ ಹುಡುಗಿಗೆ ಒಂದು ಕೆಲಸ ಕೊಡಿ: ಲೇಖಕಿ ಹೇಳಿದ್ದಕ್ಕೆ ಆಧಾರವಾಗುವ ಸಾಲುಗಳನ್ನು ಹುಡುಕಿ ಬರೆದು ತರಲಿ. ಸಿಕ್ಕರೆ ಒಪ್ಪಲಿ, ಸಿಗದಿದ್ದರೆ ಅವಳು ಲೇಖಕಿಗೇ ಇಲ್ಲ ಅನ್ನಬಹುದು.

ಪಿಯುಸಿ ಪ್ರಶ್ನೆಪತ್ರಿಕೆಯಲ್ಲಿ "ಕವಿಯ ಆಶಯವೇನು?" ಅಂತ ಕೇಳುತ್ತಾರೆ. ಗೈಡಿನಲ್ಲಿ ಇದ್ದದ್ದನ್ನು ಬರೆದರೆ ಮಾರ್ಕ್ಸ್, ನನಗೆ ಅನ್ನಿಸಿದ್ದು ಬರೆದರೆ ಸೊನ್ನೆ. ಇದು ನ್ಯಾಯವಾ?
ಜಗಳೂರು

ನ್ಯಾಯ ಅಲ್ಲ, ಆದರೆ ಪರೀಕ್ಷೆ ಮುಗಿಯುವ ತನಕ ಗೈಡಿನದ್ದೇ ಬರಿ. ನಿಮ್ಮ ಮನೆಯವರಿಂದ ನನಗೆ ಬೈಗುಳ ಬೇಡ.

ಪರೀಕ್ಷೆ ಮುಗಿದ ಮೇಲೆ ಇದನ್ನು ಓದು. ಅಮೆರಿಕದಲ್ಲಿ ವಿಮ್ಸಾಟ್, ಬಿಯರ್ಡ್ಸ್‌ಲಿ ಅನ್ನುವ ಇಬ್ಬರು 1946ರಲ್ಲೇ, ಕವಿ ಮನಸ್ಸಿನಲ್ಲಿ ಏನಿತ್ತು ಅಂತ ಹುಡುಕಿ ಕವಿತೆಯನ್ನು ಅಳೆಯುವುದು ತಪ್ಪು ಅಂತ ವಾದ ಹೂಡಿದರು. ಫ್ರಾನ್ಸಿನ ರೋಲಾಂ ಬಾರ್ತ್ 1967ರಲ್ಲಿ ಇನ್ನೂ ಮುಂದೆ ಹೋಗಿ ಲೇಖಕ ಸತ್ತ ಅಂತಲೇ ಬರೆದರು. ನಾನು ಅಷ್ಟು ದೂರ ಹೋಗುವುದಿಲ್ಲ. ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ತೆಗೆದು ನೋಡು, ಕಥೆಗಳಷ್ಟೇ ಅದರ ಮುನ್ನುಡಿಯೂ ಹೆಸರಾಯಿತು. ನವ್ಯದ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದೇನೆ ಅಂತ ಅವರೇ ಅಲ್ಲಿ ಹೇಳುತ್ತಾರೆ. ಅದು ಲೇಖಕರ ಆಶಯವೇ, ಪುಸ್ತಕದ ರಟ್ಟಿನ ಒಳಗೇ ಇದೆ. ಅದನ್ನು ಯಾಕೆ ಬಿಡಬೇಕು? ಓದಿದರೆ ಕಥೆ ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹಾಗಂತ ಮುನ್ನುಡಿ ಓದಿ ಕಥೆ ಬಿಟ್ಟವನಿಗೆ ಮಾರ್ಕ್ಸ್ ಕೊಡಬಾರದು, ಗೈಡು ಮಾಡಿಸುತ್ತಿರುವುದು ಅದನ್ನೇ.

ಈ ಕ್ಯಾನನ್ನು (ಯಾವ ಕಥೆ ಅಸಲಿ ಅನ್ನುವ ಪಟ್ಟಿ), ಅಭಿಮಾನಿ ಜಗಳ ಎಲ್ಲ ಇಂಗ್ಲಿಷಿನವರ ಹುಚ್ಚು. ನಮ್ಮ ಹಿರಿಯರಿಗೆ ಇಂಥ ತಲೆಬಿಸಿ ಇರಲಿಲ್ಲ. ನಿಮ್ಮ ಪುಟ ದಂಡ.
ನಿವೃತ್ತ ನೌಕರರು, ಹೊಳಲ್ಕೆರೆ

ಪುಟ ದಂಡ ಅನ್ನುತ್ತಲೇ ಮೂರು ಹಾಳೆ ಬರೆದಿದ್ದೀರಿ, ನಮಸ್ಕಾರ.

ಅರ್ಧ ಒಪ್ಪುತ್ತೇನೆ. ಯಾವ ಕಥೆ ಅಸಲಿ ಅಂತ ಪಟ್ಟಿ ಮಾಡುವ ಆಟ ಹೋಮ್ಸ್ ಅಭಿಮಾನಿಗಳಿಂದ ಜೋರಾಯಿತು. ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಬಂಧ ಓದಿದರು, ಧರ್ಮಗ್ರಂಥ ಪಂಡಿತರನ್ನು ಅಣಕಿಸಲು ಹೋಮ್ಸ್ ಕಥೆಗಳನ್ನು ಅದೇ ಗಂಭೀರ ಮುಖ ಮಾಡಿ ಜಾಲಾಡುವ ತಮಾಷೆ. 4 ಕಾದಂಬರಿ, 56 ಸಣ್ಣಕಥೆ, ಇಷ್ಟೇ ಅಸಲಿ ಅನ್ನುವ ಲೆಕ್ಕ ಈಗ ಎಲ್ಲರ ಬಾಯಲ್ಲಿದೆ. ಆದರೆ ಆ ಅಸಲಿಯೊಳಗೇ ವಾಟ್ಸನ್‌ಗೆ ಗುಂಡು ಬಿದ್ದದ್ದು ಒಂದು ಕಡೆ ಭುಜಕ್ಕೆ, ಇನ್ನೊಂದು ಕಡೆ ಕಾಲಿಗೆ. ಜಾನ್ ಅನ್ನುವ ಅವನನ್ನು ಹೆಂಡತಿಯೇ ಒಂದು ಕಥೆಯಲ್ಲಿ ಜೇಮ್ಸ್ ಅನ್ನುತ್ತಾಳೆ. ಡಾಯ್ಲ್ ಮರೆತಿದ್ದರು, ಅಷ್ಟೇ. ಅಭಿಮಾನಿಗಳು ಅದಕ್ಕೂ ಕಾರಣ ಕಟ್ಟಿದರು.

ಇನ್ನರ್ಧ ಒಪ್ಪುವುದಿಲ್ಲ, ಸ್ವಾಮಿ. ನಮ್ಮ ಹಿರಿಯರು ತಲೆಬಿಸಿ ಮಾಡಿಕೊಳ್ಳದೆ ಇದನ್ನೇ ಮಾಡಿದ್ದಾರೆ. ಪಂಪ 941ರಲ್ಲಿ ಭಾರತ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ವ್ಯಾಸರು ಬರೆದದ್ದು ಹಾಗಲ್ಲ ಅಂತ ಅವನಿಗೆ ಗೊತ್ತಿರಲಿಲ್ಲವಾ? ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಅಂತ ಕಂಡು ಬರೆಯುತ್ತಿದ್ದ, ಕಥೆ ಅದಕ್ಕೆ ತಕ್ಕ ಹಾಗೆ ಬಾಗಿತು. ಇಲ್ಲಿಗೆ ಕವಿಯ ಉದ್ದೇಶ ಬಿಸಿಲಿನಷ್ಟು ಸ್ಪಷ್ಟ: ಅರ್ಜುನನನ್ನು ಹೊಗಳಬೇಕು. ಆದರೆ ಅದೇ ಕಾವ್ಯದಲ್ಲಿ ಕರ್ಣ ಸತ್ತಾಗ ಪಂಪ ಏನು ಹೇಳುತ್ತಾನೆ? ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅನ್ನುತ್ತಾನೆ. ಸಾವಿರ ವರ್ಷದಿಂದ ಕನ್ನಡದವರು ಪಂಪನನ್ನು ಓದಿ ಕಣ್ಣೀರು ಹಾಕಿದ್ದು ದೊರೆಗಲ್ಲ, ಕರ್ಣನಿಗೆ. ಬರೆಯುವವನ ಉದ್ದೇಶ ಬರೆಯುತ್ತಾ ಬರೆಯುತ್ತಾ ಅವನ ಕೈಯಲ್ಲೇ ತಿರುಗಿಬಿಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಯಾವ ಪಂಪನ ಆಶಯ ಹಿಡಿಯುತ್ತೀರಿ, ಮೊದಲ ಪದ್ಯದವನದ್ದಾ, ಕರ್ಣನ ಹೆಣದ ಮುಂದೆ ನಿಂತವನದ್ದಾ?

ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ವಾಲ್ಮೀಕಿಯಲ್ಲಿ ಇಲ್ಲ. ಅದಕ್ಕೆ 1967ರ ಜ್ಞಾನಪೀಠ ಬಂತು. ಹೊಸ ಕಾಲದ ಹುಡುಗರು ಇಂಥದ್ದನ್ನು ಬರೆದರೆ ಫ್ಯಾನ್ ಫಿಕ್ಷನ್ ಅಂತ ಮೂಗು ಮುರಿಯುತ್ತೇವೆ.

ನಮ್ಮಲ್ಲಿ ಜಗಳ ಇಂಗ್ಲಿಷಿನವರಷ್ಟು ಕಾಯದೆ ಇದ್ದದ್ದಕ್ಕೆ ನನಗೆ ತೋಚುವ ಕಾರಣ ಒಂದೇ. ರಾಮಾಯಣಕ್ಕೆ ಮಾಲೀಕರಿರಲಿಲ್ಲ. ಮುಂದಿನ ಭಾಗ ಮಾರುವ ಕಂಪನಿ ಒಂದಿದ್ದರೆ ಯಾವುದು ಅಸಲಿ ಅಂತ ಸೀಲು ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಕುಮಾರವ್ಯಾಸನ ಹಾಗೆ ತಮಾಷೆ ಮಾಡಿ ನಾವೂ ಒಂದು ಬರೆಯಬಹುದು.

ಸ್ಟಾರ್ ವಾರ್ಸ್ ಕಾದಂಬರಿಗಳನ್ನು ಒಂದೊಂದೇ ಕೊಂಡು ಕಪಾಟು ತುಂಬಿಸಿದ್ದೇನೆ. ಈಗ ಅವೆಲ್ಲ ಲೆಕ್ಕಕ್ಕಿಲ್ಲವಂತೆ!
ಪಿ.ಜೆ. ಬಡಾವಣೆ, ದಾವಣಗೆರೆ

ಮೇಲಿನ ಉತ್ತರದ ಕೊನೆಯಲ್ಲಿ ಹೇಳಿದ ಸೀಲು ಅಂದರೆ ಇದೇ. ಸ್ಟಾರ್ ವಾರ್ಸ್ ಮಾಡುವ ಕಂಪನಿಯನ್ನು ಡಿಸ್ನಿ 2012ರಲ್ಲಿ ಕೊಂಡಿತು. 2014ರಲ್ಲಿ ಹಳೆಯ ಕಾದಂಬರಿಗಳನ್ನೆಲ್ಲ 'ಲೆಜೆಂಡ್ಸ್' ಅಂತ ಬೇರೆ ಸಾಲಿಗೆ ಸರಿಸಿದರು. ಹೊಸ ಸಿನಿಮಾ ತೆಗೆಯಲು ಮೈದಾನ ಖಾಲಿ ಬೇಕಿತ್ತು. ಅದು ವ್ಯಾಪಾರದ ನಿರ್ಧಾರ, ನಿಮ್ಮ ಕಪಾಟಿಗೆ ಬಂದು ಯಾರೂ ಪುಟ ಹರಿದಿಲ್ಲ. ಓದುತ್ತಾ ಇರಿ.

ನಾನು ಚಾಮಯ್ಯ ಮೇಷ್ಟ್ರು ಬದುಕಿ ಉಳಿಯುವ ಹಾಗೆ 'ನಾಗರಹಾವು' ಕೊನೆಯನ್ನು ಬದಲಿಸಿ ಒಂದು ಕಥೆ ಬರೆದಿದ್ದೇನೆ. ಗೆಳತಿಯರು "ಇದು ತರಾಸುಗೆ ಮಾಡಿದ ಅವಮಾನ" ಅಂತಾರೆ. ಪುಸ್ತಕ ಮಾಡಿಸಬೇಕು ಅಂತಲೂ ಆಸೆ ಇದೆ.
ಕೆ.ಟಿ.ಜೆ. ನಗರ, ದಾವಣಗೆರೆ

ಅವಮಾನ ಏನಿಲ್ಲ ಕಣಮ್ಮ. ಬೇಸರವಾಗಿ ಓದಿದವರು ಕಥೆಯನ್ನು ಮತ್ತೆ ಬರೆಯಲು ಕೂರುವುದಿಲ್ಲ. ಹೋಮ್ಸ್‌ನನ್ನು ರಂಗಕ್ಕೆ ತರುತ್ತಿದ್ದ ನಟ ಗಿಲೆಟ್, ನಾಟಕದಲ್ಲಿ ಅವನಿಗೆ ಮದುವೆ ಮಾಡಿಸಲಾ ಅಂತ ಕೇಳಿದಾಗ, ಮದುವೆ ಮಾಡಿಸು, ಕೊಲ್ಲು, ಏನು ಬೇಕಾದರೂ ಮಾಡು ಅನ್ನುವ ಅರ್ಥದ ಉತ್ತರ ಡಾಯ್ಲ್ ಕೊಟ್ಟಿದ್ದರು. ಎಲ್ಲ ಲೇಖಕರೂ ಅಷ್ಟು ಉದಾರಿಗಳಲ್ಲ, ತರಾಸು ಖಂಡಿತ ಅಲ್ಲ ಅಂತ ಮೇಲಿನ ಹಾವಿನ ಕಥೆಯೇ ಹೇಳುತ್ತದೆ.

ಇನ್ನು ಪುಸ್ತಕದ ಆಸೆ. ಇಲ್ಲಿ ನಿಲ್ಲು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ತರಾಸು ತೀರಿಕೊಂಡದ್ದು 1984ರಲ್ಲಿ, ಅಂದರೆ 2044ರ ಕೊನೆಯ ತನಕ. ಸಿನಿಮಾಕ್ಕೆ ಬಿಡುಗಡೆಯಾದ ವರ್ಷದಿಂದ ಲೆಕ್ಕ, ಅದು 2032ಕ್ಕೆ ಮುಗಿಯುತ್ತದೆ. ಗೆಳತಿಯರಿಗೆ ಓದಿ ಹೇಳುವುದು ಬೇರೆ, ಅಚ್ಚು ಹಾಕಿಸಿ ಮಾರುವುದು ಬೇರೆ. ಮಾರುವುದಾದರೆ ಹಕ್ಕು ಇರುವವರ ಒಪ್ಪಿಗೆ ಬೇಕು. ಕಥೆಯ ಬಗ್ಗೆ ನನ್ನದೊಂದು ತಕರಾರೂ ಇದೆ. ಮೇಷ್ಟ್ರು ಬದುಕಿದರೆ ರಾಮಾಚಾರಿ, ಮಾರ್ಗರೆಟ್ ಬೆಟ್ಟದಿಂದ ಹಾರುವುದು ಯಾಕೆ? ನೀನು ಕಳಿಸಿದ ಪುಟಗಳಲ್ಲಿ ಮೇಷ್ಟ್ರನ್ನು ಉಳಿಸಿ ಅವರಿಬ್ಬರನ್ನೂ ಸಾಯಿಸಿದ್ದೀಯ. ಕೊನೆ ಬದಲಿಸಿದವಳು ಕಾರಣವನ್ನೂ ಬದಲಿಸಬೇಕಲ್ವಾ?

ಬರೆದವರು ಅರ್ಧಕ್ಕೆ ಬಿಟ್ಟು ಸತ್ತರೆ ಇನ್ನೊಬ್ಬರು ಮುಗಿಸಿದ್ದು ಲೆಕ್ಕಕ್ಕೆ ಬರುತ್ತದಾ?
ಚಳ್ಳಕೆರೆ

ಬಾಣನ 'ಕಾದಂಬರಿ'ಯನ್ನು ಮುಗಿಸಿದ್ದು ಅವನ ಮಗ, ಯಾರೂ ತಕರಾರು ಮಾಡಿಲ್ಲ. ಕುಮಾರವ್ಯಾಸ ಹತ್ತು ಪರ್ವ ಬರೆದ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಗಮಕಿಗಳು ಯಾರನ್ನು ಹಾಡುತ್ತಾರೆ ಅಂತ ನಿಮಗೇ ಗೊತ್ತು. ಅದನ್ನು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ.

ಕೋಟೆ ನೋಡಲು ಬಂದ ನೆಂಟರಿಗೆ 'ದುರ್ಗಾಸ್ತಮಾನ'ದ ಮಾತುಗಳನ್ನೇ ಚರಿತ್ರೆ ಅಂತ ಹೇಳುವವರನ್ನು ಕೇಳಿದ್ದೇನೆ. ಕಾದಂಬರಿಯ ಮದಕರಿಯೇ ಅಸಲಿ ಮದಕರಿಯಾ? ತರಾಸು ಅವರ ದುರ್ಗದ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಲಿ?
ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಇಲ್ಲಿ ಮಾತ್ರ ನಾನು ಸ್ವಲ್ಪ ಬಿಗಿ. ರಾಮಾಚಾರಿ ಯಾರ ಹುಡುಗ ಬೇಕಾದರೂ ಆಗಲಿ, ಮದಕರಿ ಬದುಕಿದ್ದ ಮನುಷ್ಯ. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ಚರಿತ್ರೆ. ಆ ರಾತ್ರಿ ಅವನು ಹೆಂಡತಿಯ ಜೊತೆ ಏನು ಮಾತಾಡಿದ, ಯಾವ ಕಲ್ಲಿಗೆ ಒರಗಿ ಅತ್ತ ಅನ್ನುವಂಥದ್ದೆಲ್ಲ ಕಾದಂಬರಿಕಾರರು ಕೊಡುವುದು. ತರಾಸು ದಾಖಲೆ ಓದಿ, ಕೋಟೆ ಸುತ್ತಿ ಬರೆದವರು, ಆದರೂ ಸಂಭಾಷಣೆಗೆ ದಾಖಲೆ ಇರುವುದಿಲ್ಲ. ನೆಂಟರಿಗೆ ಹೇಳುವಾಗ "ಕಾದಂಬರಿಯಲ್ಲಿ ಹೀಗಿದೆ" ಅಂತ ಒಂದು ಮಾತು ಸೇರಿಸಿದರೆ ಕಥೆಯ ರುಚಿ ಏನೂ ಕೆಡುವುದಿಲ್ಲ.

ಓದುವುದಕ್ಕೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನು ಇದೇ ಸಾಲಿನಲ್ಲಿ ಹಿಡಿಯಿರಿ, ಒಂದರ ಕಥೆ ಇನ್ನೊಂದಕ್ಕೆ ಹರಿಯುತ್ತದೆ. 'ದುರ್ಗಾಸ್ತಮಾನ' ಕೊನೆಗೆ ಇರಲಿ. ಅದು ದಪ್ಪ ಪುಸ್ತಕ, ಲೈಬ್ರರಿಯಿಂದ ತಂದರೆ ಎರಡು ಸಲ ರಿನ್ಯೂ ಮಾಡಿಸಬೇಕಾದೀತು. ಮುಂದಿನ ಸಂಚಿಕೆಗೆ ಪತ್ರ ಬರೆಯುವವರು ಹಾಳೆಯ ಒಂದೇ ಬದಿಯಲ್ಲಿ ಬರೆಯಿರಿ.